ಹಿಮನದಿಯ ಬುಡದಲ್ಲಿ ನಾನು ಮುಚ್ಚಿದ ನಲ್ಲಿ

ಎರಡು ವರ್ಷದ ಹಿಂದೆ, ಸೆಪ್ಟೆಂಬರ್ ಕೊನೆಗೆ, ಪೈಪಿನ ಕಂಪನಿಯವರು ನಮ್ಮ ಜಿಲ್ಲೆಯ ಎಂಟು ಅಂಗಡಿಯವರನ್ನು ಹೆಂಡಂದಿರ ಸಮೇತ ಲಡಾಖಿಗೆ ಕರೆದುಕೊಂಡು ಹೋದರು. ಹುನಗುಂದದಲ್ಲಿ ನನ್ನದು ಹನಿ ನೀರಾವರಿ ಸಾಮಾನಿನ ಸಣ್ಣ ಅಂಗಡಿ. ಅಂಗಡಿ ಇಡುವ ಮೊದಲು ಹೊಲದಿಂದ ಹೊಲಕ್ಕೆ ಪೈಪು ಜೋಡಿಸುವ ಫಿಟ್ಟರ್ ಆಗಿದ್ದೆ. ಅದಕ್ಕೂ ಮೊದಲು ಕುರಿ. ನಮ್ಮದು ಬೀರಪ್ಪನ ಒಕ್ಕಲು. ಹನ್ನೊಂದು ವರ್ಷ ತುಂಬುವವರೆಗೆ ನಾನು ಅಪ್ಪನ ಕುರಿಯ ಹಿಂದೆಯೇ ಇದ್ದವನು. ಆಮೇಲೆ ಒಂದನೇ ಇಯತ್ತೆಗೆ ಹೋಗಿ, ನನ್ನ ಸೊಂಟದೆತ್ತರದ ಹುಡುಗರ ಜೊತೆ ಕುಳಿತೆ. ಕನ್ನಡ ಚೆನ್ನಾಗಿ ಬಂತು. ಇಂಗ್ಲಿಷ್ ಮಾತ್ರ ಪೈಪಿನ ಮೇಲೆ ಅಚ್ಚು ಹಾಕಿರುವಷ್ಟೇ ಬಂತು.

ನನಗೆ ಹೋಗುವ ಮನಸ್ಸು ಇರಲಿಲ್ಲ. ಹಿಂದಿನ ಸಲ ಗೋವಾಕ್ಕೆ ಕರೆದಾಗಲೂ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಅಂದಿದ್ದೆ. ಈ ಸಲ ಹೆಂಡತಿ ಕೇಳಲಿಲ್ಲ.

“ನೀವು ಬರದಿದ್ರ ಬಿಡ್ರಿ. ನಾ ಒಬ್ಬಾಕೀನ ಹೋಗ್ತೇನಿ. ಟಿವ್ಯಾಗ ನೋಡಿ ನೋಡಿ ಸಾಕಾಗೇತಿ, ಬರ್ಫ ಕಣ್ಣಾರೆ ನೋಡೇ ಬರ್ತೇನಿ.”

ಹಾಗಾಗಿ ಹೋದೆವು. ಲೇಹದವರೆಗೆ ವಿಮಾನ, ಅಲ್ಲಿ ಎರಡು ದಿನ ಸುಮ್ಮನೆ ಮಲಗಿ ಉಸಿರು ಹೊಂದಿಸಿಕೊಂಡು, ಮುಂದೆ ಜೀಪು. ಮರವಿಲ್ಲದ ಗುಡ್ಡ, ಮತ್ತೆ ಮರವಿಲ್ಲದ ಗುಡ್ಡ. ಇಳಕಲ್ಲಿನ ಅಂಗಡಿಯವನು ನನ್ನ ಹಳೆಯ ಗೆಳೆಯ, ಕಾಲೇಜು ಕಲಿತವನು, ಸುಮ್ಮನಿರಲು ಬಾರದವನು. ಕಿಟಕಿಯಿಂದ ಹೊರಗೆ ನೋಡಿ, “ಲೇ, ಇಲ್ಲಿ ಯಾರಿಗೂ ಡ್ರಿಪ್ ಮಾರಾಕ ಆಗಂಗಿಲ್ಲ ನೋಡು, ಹಚ್ಚಾಕ ಒಂದ ಗಿಡಾನೂ ಇಲ್ಲ” ಅಂದ. ಎಲ್ಲರೂ ನಕ್ಕರು. ಗಾಳಿ ತೆಳ್ಳಗಿದ್ದುದರಿಂದ ನಗುವುದಕ್ಕೂ ದಮ್ಮು ಹತ್ತುತ್ತಿತ್ತು.

ಕ್ಯಾಂಪು ಒಂದು ಹಿಮನದಿಯ ಕೆಳಗೆ, ಕಲ್ಲುಗಳ ಬಯಲಿನಲ್ಲಿ ಇತ್ತು. ಹತ್ತು ದುಂಡನೆಯ ಡೇರೆ. ಒಳಗೆ ಹಲಗೆಯ ನೆಲ, ದಪ್ಪ ಗಾದಿ, ಕಬ್ಬಿಣದ ಒಲೆ, ಹಿತ್ತಾಳೆಯ ಬೋಗುಣಿ. ಕರೆಂಟಿನ ತಂತಿ ಆ ಕಣಿವೆಗೆ ಬಂದೇ ಇರಲಿಲ್ಲ. ಬಿಸಿಲಿನ ಶಕ್ತಿಯಿಂದ ಉರಿಯುವ ಎರಡು ಸಣ್ಣ ದೀಪ, ಅಷ್ಟೆ. ಫೋನು ಹತ್ತುವುದಿಲ್ಲ. ಪಾಯಖಾನೆಯಲ್ಲಿ ನೀರಿನ ಬದಲು ಕಟ್ಟಿಗೆಯ ಹೊಟ್ಟು ಹಾಕಬೇಕು. ಇಷ್ಟು ಇಲ್ಲದಿರುವುದೇ ಆ ಜಾಗದ ದೊಡ್ಡಸ್ತಿಕೆ ಎಂದು ಕಂಪನಿಯ ಕಾಗದದಲ್ಲಿ ಬರೆದಿತ್ತು. ಹೆಂಡತಿ ಡೇರೆಯ ನಡುವೆ ನಿಂತು ಸುತ್ತಲೂ ನೋಡಿದಳು.

“ಕರೆಂಟಿಲ್ಲ, ಫೋನಿಲ್ಲ, ಬಯಲಾಗ ಗುಡಾರ. ಇದಕ್ಕ ಇಷ್ಟು ದೂರ ಬರಬೇಕಿತ್ತೇನ್ರಿ? ನಿಮ್ಮಪ್ಪನ ಕುರಿ ಹಟ್ಟ್ಯಾಗ ಇದ ಇತ್ತಲ್ಲ.”

“ಹಟ್ಟ್ಯಾಗ ಗಾದಿ ಇರಲಿಲ್ಲ” ಅಂದೆ.

“ಹೌದು, ಗಾದಿ ಛಲೋ ಐತಿ ಬಿಡ್ರಿ” ಎಂದು ಕುಳಿತು ನೋಡಿದಳು.

ಸಂಜೆಯಾಗುವ ಮೊದಲು ಊಟದ ಡೇರೆಯಲ್ಲಿ ನಮ್ಮನ್ನೆಲ್ಲ ಕೂಡಿಸಿದರು. ಕ್ಯಾಂಪು ನೋಡಿಕೊಳ್ಳುವವಳು ಮೂವತ್ತರ ಆಚೀಚಿನ ಒಬ್ಬ ಹೆಣ್ಣುಮಗಳು, ಬೆಟ್ಟದವಳಲ್ಲ, ಕೆಳಗಿನ ಹಿಂದಿ ನಾಡಿನಿಂದ ಬಂದವಳು. ಕೈಗೆ ಬಿಸಿಯಾದ ಜರದಾಳು ಹಣ್ಣಿನ ರಸ ಕೊಟ್ಟು, ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದಳು. ಬಹಳ ಜೋರಾಗಿ ಓಡುವ ಇಂಗ್ಲಿಷ್. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಅವಳು ನನ್ನ ಕಡೆ ನೋಡಿದಾಗಲೆಲ್ಲ ಗೋಣು ಹಾಕಿದೆ. ಕೊನೆಗೆ ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟಳು. ಮೇಲಿನ ಸಾಲು ಸುಸ್ವಾಗತ ಎಂದು ತಿಳಿಯಿತು. ಕೆಳಗೆ ಸಣ್ಣ ಅಕ್ಷರ ಬಹಳ ಇದ್ದವು. ನಿಧಾನವಾಗಿ ಓದಿದರಾಯಿತು ಎಂದು ಕಿಸೆಯಲ್ಲಿ ಇಟ್ಟುಕೊಂಡೆ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು: “ಏನಂದ್ಲ್ರಿ ಆಕಿ?”

“ಏನಿಲ್ಲ. ಛಲೋತ್ನಾಗ ಇರ್ರಿ, ಗದ್ದಲ ಮಾಡಬ್ಯಾಡ್ರಿ ಅಂದ್ಲು.”

“ಹತ್ತ ಮಿನಿಟು ಮಾತಾಡಿದ್ಲು. ಇಷ್ಟ ಅಂದ್ಲೇನು?”

“ಇಂಗ್ಲಿಷ್‌ದಾಗ ಉದ್ದ ಆಕ್ಕೈತಿ” ಅಂದೆ.

ಇನ್ನೂ ಬೆಳಕಿತ್ತು. ಹೆಂಡತಿ ಒಲೆಯ ಮುಂದೆ ಕುಳಿತಳು. ನಾನು ಒಬ್ಬನೇ ಡೇರೆಗಳ ಹಿಂದಿನಿಂದ ನಡೆಯುತ್ತ ಹೋದೆ. ಊರಲ್ಲಿದ್ದರೆ ಆ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಅಲ್ಲಿ ಕಟ್ಟೆ ಇಲ್ಲ, ಅಂಗಡಿ ಇಲ್ಲ, ಆದರೆ ನೆಲದ ಮೇಲೆ ಒಂದು ಕರಿ ಪೈಪು ಕಂಡಿತು. ಒಂದೂಕಾಲು ಇಂಚಿನದು. ದಿನಾ ಕೈಯಾಡಿಸುವ ಸಾಮಾನು ಅಷ್ಟು ದೂರದಲ್ಲಿ ಕಂಡರೆ ಸಂತೋಷವಾಗುತ್ತದೆ. ಅದನ್ನೇ ಹಿಡಿದು ಹೋದೆ. ಮೇಲೆ ಹಿಮನದಿಯ ಹಳ್ಳದಿಂದ ಬಂದ ಪೈಪು ಅಡುಗೆಮನೆಗೆ ಒಂದು ಕವಲು ಕೊಟ್ಟು, ಹತ್ತೂ ಡೇರೆಗಳಿಗೆ ಒಂದೊಂದು ನಲ್ಲಿ ಕೊಟ್ಟು ಹಿಂದೆ ಹಾದು, ಕೊನೆಯ ಡೇರೆಯ ಆಚೆ ಒಂದು ಗೂಟಕ್ಕೆ ಕಟ್ಟಿದ ನಲ್ಲಿಯಲ್ಲಿ ಮುಗಿಯುತ್ತಿತ್ತು. ಆ ನಲ್ಲಿ ತೆರೆದೇ ಇತ್ತು. ಬೆರಳು ದಪ್ಪ ನೀರು ಕಲ್ಲುಗಳ ನಡುವೆ ಹರಿದು ಹೋಗುತ್ತಿತ್ತು. ಅಡಿಯಲ್ಲಿ ಕೊಡವಿಲ್ಲ, ಬಕೆಟ್ಟಿಲ್ಲ. ಸುತ್ತ ಯಾರೂ ಇಲ್ಲ.

ನಮ್ಮ ಕಡೆ ಎಂಟು ದಿನಕ್ಕೊಮ್ಮೆ ನಲ್ಲಿಗೆ ನೀರು ಬರುತ್ತಿದ್ದ ಕಾಲದಲ್ಲಿ ನಾವು ಬೆಳೆದವರು. ಓಣಿಯಲ್ಲಿ ಹೋಗುವಾಗ ಯಾರದಾದರೂ ನಲ್ಲಿ ಸುಮ್ಮನೆ ಹರಿಯುತ್ತಿದ್ದರೆ ಹೋಗುವವರು ನಿಂತು ಮುಚ್ಚಿ ಹೋಗುತ್ತಾರೆ. ಮನೆಯವರನ್ನು ಕೇಳುವುದಿಲ್ಲ. ಅವರ ಜೊತೆ ಮಾತು ಬಿಟ್ಟಿದ್ದರೂ ಮುಚ್ಚುತ್ತಾರೆ. ಮುಚ್ಚದೆ ದಾಟಿ ಹೋದವನನ್ನು ಎಂಥ ಮನುಷ್ಯ ಎಂದು ನೋಡುತ್ತಾರೆ. ಅದು ನಮ್ಮಲ್ಲಿ ಎಷ್ಟು ಇಳಿದಿದೆ ಎಂದರೆ, ಕೈ ಮುಂದೆ ಹೋಗುತ್ತದೆ, ವಿಚಾರ ಹಿಂದೆ ಬರುತ್ತದೆ.

ನಾನು ನಲ್ಲಿ ಮುಚ್ಚಿದೆ. ಪೂರ್ತಿ ತಿರುವಿದರೂ ಬುಡದ ತಿರುಪಿನ ಎಳೆಯಿಂದ ಹನಿ ಹನಿ ಇಳಿಯುತ್ತಿತ್ತು. ಪೈಪಿಗೆ ಸುತ್ತುವ ಬಿಳಿ ಟೇಪಿನ ಸುರುಳಿ ನನ್ನ ಕಿಸೆಯಲ್ಲಿ ಯಾವಾಗಲೂ ಇರುತ್ತದೆ, ಕೆಲವರ ಕಿಸೆಯಲ್ಲಿ ಅಡಿಕೆ ಇರುವ ಹಾಗೆ. ಮೇಲಿನ ವಾಲ್ವು ಹುಡುಕಿ ಒಂದು ಗಳಿಗೆ ನಿಲ್ಲಿಸಿ, ನಲ್ಲಿ ಬಿಚ್ಚಿ, ಎಳೆಗೆ ಟೇಪು ಬಿಗಿಯಾಗಿ ಸುತ್ತಿ, ಮತ್ತೆ ತಿರುವಿ ಕೂಡಿಸಿದೆ. ವಾಲ್ವು ಬಿಟ್ಟೆ. ಒಂದು ಹನಿ ಇಳಿಯಲಿಲ್ಲ. ಬೆರಳು ಚಳಿಗೆ ಕೊರಡಾಗಿದ್ದವು. ಆದರೂ ಒಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು. ಊಟದ ಮೇಲೆ ಹೆಂಡತಿಗೆ ಹೇಳಿದೆ.

“ಛಲೋ ಮಾಡಿದ್ರಿ” ಅಂದಳು. “ಯಾವಾಗಿಂದ ಹರೀತಿತ್ತೋ ಏನೋ. ಇದ್ದವ್ರಿಗೆ ನೀರಿನ ಕಿಮ್ಮತ್ತು ಗೊತ್ತಿರಂಗಿಲ್ಲ.”

ಬೆಳಗ್ಗೆ ಇಡೀ ಕ್ಯಾಂಪಿನಲ್ಲಿ ನೀರಿರಲಿಲ್ಲ.

ಮೊದಲು ಗೊತ್ತಾದದ್ದು ಇಳಕಲ್ಲಿನ ಗೆಳೆಯನಿಗೆ. ಬಾಯ ತುಂಬ ನೊರೆ ಇಟ್ಟುಕೊಂಡು, ಬ್ರಷ್ ಕೈಯಲ್ಲಿ ಹಿಡಿದು, ಶಾಲು ಹೊದ್ದು ಡೇರೆಯಿಂದ ಹೊರಗೆ ಬಂದ. “ಲೇ, ಬಾಯಾಗ ಪೇಸ್ಟು, ನಲ್ಯಾಗ ನೀರಿಲ್ಲ. ನಾ ಇಳಕಲ್ಲ ಬಿಟ್ಟ ಬಂದೇನೋ ಇಲ್ಲೋ ಅಂತ ಡೌಟ್ ಬಂತ ನೋಡು.”

ಅಡುಗೆಮನೆಯ ಮುಂದೆ ಆ ಹೆಣ್ಣುಮಗಳು ಒಬ್ಬ ಮನುಷ್ಯನಿಗೆ ಏನೋ ಹೇಳುತ್ತಿದ್ದಳು. ಅವನಿಗೆ ನನ್ನಷ್ಟೇ ವಯಸ್ಸು, ಐವತ್ತರ ಸನಿಹ. ಮಾಸಿದ ಉಣ್ಣೆ ಟೋಪಿ, ಸುಕ್ಕು ಹಿಡಿದ ಕೆಂಪು ಮುಖ. ಕ್ಯಾಂಪಿನ ನೀರು ನೋಡಿಕೊಳ್ಳುವವನು ಅವನು. ಅವಳ ಧ್ವನಿ ಜೋರಿರಲಿಲ್ಲ, ಆದರೆ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅವಳ ಕೈಯಲ್ಲಿ ಉದ್ದನೆಯ ರಜಿಸ್ಟರ್ ಇತ್ತು.

ಗೆಳೆಯ ನೊರೆ ಉಗುಳಿ ಕಿವಿಗೊಟ್ಟು ಕೇಳಿದ. ಆಮೇಲೆ ನನಗೆ ಹೇಳಿದ: “ಕಡೀ ನಲ್ಲಿ ಬಂದ್ ಆಗೇತಂತ. ಅದನ್ನ ರಾತ್ರಿ ತಗದ ಇಡಬೇಕು. ನೀರ ಹರೀತಿದ್ರ ಬರ್ಫ ಕಟ್ಟಂಗಿಲ್ಲ, ನಿಂತ್ರ ಪೈಪಿನ್ಯಾಗ ಕಲ್ಲ ಆಕ್ಕೈತಿ. ಈ ಮನಷ್ಯಾನ ಬಂದ್ ಮಾಡಿ ಮರತಾನ ಅಂತ ಆಕಿ ಅಂತಾಳ. ಜೂನ್‌ದಾಗ ಒಮ್ಮೆ ನೀರ ನಿಂತಿದ್ವಂತ. ಇದು ಎರಡನೇ ಸಲ. ಬುಕ್ಕಿನ್ಯಾಗ ಬರೀತಾಳಂತ, ಮುಂದಿನ ವರ್ಷ ಇವನ್ನ ಕರಿಯಂಗಿಲ್ಲ ಅಂತ.”

ನಾನು ಕಿಸೆಯಲ್ಲಿದ್ದ ಟೇಪಿನ ಸುರುಳಿ ಮುಟ್ಟಿ ನೋಡಿದೆ.

“ನಿನ್ನಿ ಹೇಳಿದ್ಲಲ್ಲೋ,” ಅಂದ ಅವನು, “ಆ ನಲ್ಲಿ ಯಾರೂ ಮುಟ್ಟಬ್ಯಾಡ್ರಿ ಅಂತ ಎರಡ ಸಲ ಹೇಳಿದ್ಲು. ಕಾರ್ಡಿನ್ಯಾಗೂ ಬರದೈತಿ. ನೀನ ಮುಂದ ಕುಂತು ಕೋಲೆತ್ತಿನಂಗ ಗೋಣ ಹಾಕಿದ್ಯಲ್ಲ.”

ಆಗಲೇ ಹೇಳಬೇಕಿತ್ತು. ಹತ್ತು ಹೆಜ್ಜೆ ನಡೆದು ನಾನು ಮುಚ್ಚಿದ್ದು ಎಂದು ಅಂದಿದ್ದರೆ ಆಗುತ್ತಿತ್ತು. ಆದರೆ ಹಾಗೆ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹೇಳಿದ್ದು ಕೇಳಿಸಲಿಲ್ಲವೇ? ಉಳಿದ ಏಳೂ ಅಂಗಡಿಯವರು ಅಲ್ಲೇ ನಿಂತಿದ್ದರು. ಇವರೆಲ್ಲರ ನಡುವೆ ನಾನು ಇಂಗ್ಲಿಷ್ ತಿಳಿದವನ ಹಾಗೆ ಇಪ್ಪತ್ತು ವರ್ಷ ವ್ಯಾಪಾರ ಮಾಡಿದ್ದೇನೆ. ಕಂಪನಿಯ ಮೀಟಿಂಗುಗಳಲ್ಲಿ ಗೋಣು ಹಾಕಿದ್ದೇನೆ, ಕಾಗದ ಬಂದರೆ ಕನ್ನಡಕ ಮರೆತೆ ಅಂದಿದ್ದೇನೆ. ಅವಳು ರಜಿಸ್ಟರಿನಲ್ಲಿ ಎರಡು ಸಾಲು ಬರೆದಳು. ಆ ಮನುಷ್ಯ ಟೋಪಿ ಹಾಕಿಕೊಂಡು ಡೇರೆಗಳ ಹಿಂದೆ ಹೋದ.

ಹೆಂಡತಿ ಬಂದು ನನ್ನ ಸ್ವೆಟರಿನ ತೋಳು ಹಿಡಿದಳು. ಅವಳಿಗೂ ವಿಷಯ ತಿಳಿದಿತ್ತು.

“ಹೇಳ್ರಿ ಹೋಗಿ.”

“ಆಮ್ಯಾಲ ಹೇಳ್ತೇನಿ.”

“ಆಮ್ಯಾಲ ಅಂದ್ರ ಯಾವಾಗ? ಹುನಗುಂದಕ್ಕ ಹೋಗಿಂದ?”

ನಾನು ಅವಳನ್ನು ಬಿಟ್ಟು ಆ ಮನುಷ್ಯನ ಹಿಂದೆ ಹೋದೆ. ಅವನು ಗೂಟದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಲ್ಲಿಯ ಬುಡ ನೋಡುತ್ತಿದ್ದ. ಬಿಳಿ ಟೇಪಿನ ಒಂದು ತುದಿ ಹೊರಗೆ ಕಾಣುತ್ತಿತ್ತು. ಅವನ ಕೆಲಸದಲ್ಲಿ ಟೇಪು ಇಲ್ಲ, ಉಣ್ಣೆಯ ದಾರ ಸುತ್ತಿ ಎಣ್ಣೆ ಹಚ್ಚುತ್ತಾನೆ ಎಂದು ಆಮೇಲೆ ತಿಳಿಯಿತು. ತಾನು ಮುಚ್ಚಿಲ್ಲ ಎಂಬುದು ಅವನಿಗೆ ಗೊತ್ತೇ ಇತ್ತು. ಯಾರು ಎಂಬುದಷ್ಟೇ ಗೊತ್ತಿರಲಿಲ್ಲ.

ಅವನ ಹಿಂದಿ ಬೆಟ್ಟದ ಹಿಂದಿ, ನನ್ನದು ನಮ್ಮ ಕಡೆಯ ಸಂತೆಯ ಹಿಂದಿ. ಎರಡೂ ಸರಿಯಿಲ್ಲದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಅವನ ಮಾತು ನನ್ನ ಕಿವಿಗೆ ಹೇಗೆ ಬಿತ್ತೋ ಹಾಗೆ ಬರೆಯುತ್ತೇನೆ.

“ಇದು ನೀವು ಸುತ್ತಿದ್ದೇನು?” ಎಂದು ಕೇಳಿದ.

“ಹೌದು. ತಪ್ಪಾತು. ಹರೀತಿತ್ತು, ಬಂದ್ ಮಾಡಿದೆ.”

ಅವನು ಟೇಪಿನ ಮೇಲೆ ಬೆರಳಾಡಿಸಿದ. ನಾನು ಬೈಗುಳಕ್ಕೆ ತಯಾರಾದೆ.

“ಛಲೋ ಸುತ್ತೀರಿ” ಅಂದ. “ಈ ಕೆಲಸದವ್ರೇನು?”

“ಈ ಕೆಲಸದವನ.”

“ಹಂಗಿದ್ರ ಕುಂದರಬ್ಯಾಡ್ರಿ. ಅಡಗಿಮನಿಯಿಂದ ಬಿಸಿನೀರ ತರ್ರಿ.”

ಒಂಬತ್ತು ಗಂಟೆಗೆ ಉಳಿದವರೆಲ್ಲ ಹಿಮನದಿ ನೋಡಲು ಹೊರಟರು. ಹೋಗಿ ಬರಲು ನಾಲ್ಕು ತಾಸು. ಮರುದಿನ ಬೆಳಗ್ಗೆ ನಾವು ತಿರುಗಿ ಹೊರಡುವವರು, ಆದ್ದರಿಂದ ನೋಡುವುದಾದರೆ ಅದೇ ದಿನ. ಹೆಂಡತಿ ಕೋಲು ಹಿಡಿದು, ಇಳಕಲ್ ಸೀರೆಯ ಮೇಲೆ ಕ್ಯಾಂಪಿನವರ ದಪ್ಪ ಕೋಟು ಹಾಕಿಕೊಂಡು ನಿಂತಿದ್ದಳು.

“ನೀ ಹೋಗು” ಅಂದೆ. “ನಾ ಇಲ್ಲೆ ಇರ್ತೇನಿ.”

“ಆತು” ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. “ಪೈಪ ಸರಿ ಮಾಡಿದ್ರ ಹೇಳಿದಂಗ ಆಗಂಗಿಲ್ಲ ಮತ್ತ.”

ಬರ್ಫ ಕಟ್ಟಿದ ಪೈಪು ಬಿಡಿಸುವಾಗ ತೆರೆದ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಕರಗಿದ ನೀರಿಗೆ ಹೊರಗೆ ಬರಲು ದಾರಿ ಇರಬೇಕು. ಇದನ್ನು ಅವನು ಹೇಳಿಕೊಟ್ಟ. ಹಳೆಯ ಗೋಣಿಚೀಲ ಸುತ್ತಿ ಅದರ ಮೇಲೆ ಬಿಸಿನೀರು ಹೊಯ್ಯುವುದು, ಅದು ಆರುವ ಮೊದಲು ಮುಂದಿನ ಮೊಳ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಕುದಿದ ನೀರು ನಮ್ಮೂರಿನ ಕುದಿದ ನೀರಿನಷ್ಟು ಬಿಸಿ ಇರುವುದಿಲ್ಲ. ಹಾಗಾಗಿ ಅಡುಗೆಯವರು ಹಳ್ಳದಿಂದ ತಂದು ಕಾಯಿಸಿಕೊಟ್ಟ ನೀರು, ಕೆಟಲಿನ ಮೇಲೆ ಕೆಟಲು. ನಾನು ಅಡುಗೆಮನೆಗೂ ಪೈಪಿಗೂ ಎಷ್ಟು ಸಲ ತಿರುಗಿದೆನೋ. ನಾಲ್ಕು ಹೆಜ್ಜೆಗೆ ಎದೆ ಒತ್ತಿ ಹಿಡಿದು ನಿಲ್ಲುತ್ತಿದ್ದೆ. ಅವನು ಕಾಯುತ್ತಿದ್ದ, ಬೇಗ ಬಾ ಎನ್ನಲಿಲ್ಲ.

ನಡುವೆ ಮಾತು. ಅವನ ಊರು ಕೆಳಗೆ ಎರಡು ತಾಸಿನ ದಾರಿ. ಹೆಂಡತಿಗೆ ಕಣ್ಣು ಮಸುಕು. ಕ್ಯಾಂಪಿನ ಕೆಲಸ ಇದ್ದರೆ ವಾರಕ್ಕೆ ಎರಡು ದಿನ ಮನೆಗೆ ಹೋಗಿ ನೀರು, ಕಟ್ಟಿಗೆ ತುಂಬಿ ಬರಬಹುದು. ಇದು ಹೋದರೆ ಗಡಿಯ ಕಡೆ ರಸ್ತೆ ಕೆಲಸ, ಬೇಸಿಗೆ ಮುಗಿಯುವವರೆಗೆ ಮನೆಯ ಮುಖ ನೋಡುವಂತಿಲ್ಲ. ಕ್ಯಾಂಪಿನ ಯಜಮಾನರು ಚಳಿಗಾಲದಲ್ಲಿ ರಜಿಸ್ಟರ್ ತರಿಸಿ ಓದುತ್ತಾರೆ. ಅದರಲ್ಲಿ ಬರೆದಿದ್ದರ ಮೇಲೆ ಮುಂದಿನ ವರ್ಷ ಯಾರು ಎಂದು ಗೊತ್ತು ಮಾಡುತ್ತಾರೆ. ಇದನ್ನೆಲ್ಲ ಅವನು ದೂರಿನ ಹಾಗೆ ಹೇಳಲಿಲ್ಲ. ನಾನು ಕೇಳಿದೆ, ಅವನು ಹೇಳಿದ.

“ನಾ ಆಕಿಗೆ ಹೇಳ್ತೇನಿ” ಅಂದೆ.

ಅವನು ತಲೆ ಅಲ್ಲಾಡಿಸಿದ. “ಬ್ಯಾಡ. ಆಕಿ ನಂಬಂಗಿಲ್ಲ. ಹೋದ ವರ್ಷ ಒಬ್ರು ಮೆಹಮಾನ್ರು ಹಿಂಗ ನನ್ನ ಸಲುವಾಗಿ ತಪ್ಪು ತಮ್ಮದಂತ ಹೇಳಿದ್ರು. ಒಳ್ಳೇವ್ರು, ಪಾಪ. ಅದು ಸುಳ್ಳ ಇತ್ತು. ರಾತ್ರಿ ಡೇರ್‍ಯಾಗಿನ ಒಲಿ ಆರಾಕ ಬಿಟ್ಟಾವ ನಾನ ಇದ್ದೆ. ಆಕಿಗೆ ಗೊತ್ತಾತು.”

ಹನ್ನೊಂದರ ಹೊತ್ತಿಗೆ, ಪೈಪು ಒಂದು ಬಂಡೆಗಲ್ಲನ್ನು ದಾಟುವ ಕಡೆ ಜೋಡಣೆಯೇ ಸೀಳಿದ್ದು ಸಿಕ್ಕಿತು. ಒಳಗೆ ಹೆಪ್ಪಾದ ನೀರು ಉಬ್ಬಿ ಒಡೆದಿತ್ತು. ಬೇರೆ ಜೋಡಣೆ ಅವನ ಹತ್ತಿರ ಇರಲಿಲ್ಲ. ಅಂಗಡಿಯ ಕಪಾಟಿನಲ್ಲಿ ಅಂಥವು ನೂರು ಬಿದ್ದಿವೆ ಎಂದು ನೆನಪಾಯಿತು. ಆಗ ನಾನು ಹೊಲದಲ್ಲಿ ಮಾಡುತ್ತಿದ್ದ ಹಾಗೆ ಮಾಡಿದೆ. ಒಲೆಯಿಂದ ಕೆಂಡ ತಂದು, ಪೈಪಿನ ಒಂದು ತುದಿಯನ್ನು ಕರಗದ ಹಾಗೆ ತಿರುವುತ್ತ ಕಾಯಿಸಿ, ಮೆತ್ತಗಾದಾಗ ಮೊನಚು ಕಟ್ಟಿಗೆ ತೂರಿ ಬಾಯಿ ಅಗಲಿಸಿ, ಇನ್ನೊಂದು ತುದಿಯನ್ನು ಒಳಗೆ ಸೇರಿಸಿದೆ. ಆರಿದ ಮೇಲೆ ಅವನು ಸೈಕಲ್ ಟ್ಯೂಬು ಸೀಳಿ ಬಿಗಿದ. ನಾನು ಕಾಯಿಸುವಾಗ ಅವನು ಕಣ್ಣು ತೆಗೆಯದೆ ನೋಡಿದ. ಅವನು ಬಿಗಿಯುವಾಗ ನಾನು ನೋಡಿದೆ.

ಮೇಲಿನ ವಾಲ್ವು ತೆರೆದೆವು. ಮೊದಲು ಗಾಳಿ ಕೆಮ್ಮಿತು, ಆಮೇಲೆ ಬರ್ಫದ ಚೂರು, ಆಮೇಲೆ ನೀರು. ಕೊನೆಯ ನಲ್ಲಿಯಲ್ಲಿ ಬೆರಳು ದಪ್ಪ ಹರಿಯಲು ಶುರುವಾದಾಗ ನನಗೆ ಇನ್ನೂ ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಎರಡೂ ಕೈ ಕೋಟಿನ ಕಿಸೆಯಲ್ಲಿ ಹಾಕಿಕೊಂಡೆ.

ಹಿಮನದಿಗೆ ಹೋದವರು ಊಟದ ಹೊತ್ತಿಗೆ ಬಂದರು. ಹೆಂಡತಿಯ ಮೂಗು ಕೆಂಪಾಗಿತ್ತು.

“ಹೆಂಗಿತ್ತು?” ಅಂದೆ.

“ಹೊಲಸ ಐತ್ರಿ” ಅಂದಳು. “ಮ್ಯಾಲೆಲ್ಲ ಮಣ್ಣು, ಹಳ್ಳ, ಜಲ್ಲಿಕಲ್ಲು. ಸಡಕಿನ ಕೆಲಸ ನಡದಂಗ ಕಾಣತೈತಿ. ಆದ್ರ ಒಂದ ಕಡೆ ಬಿರುಕ ಇತ್ತು. ಒಳಗ ನೋಡಿದೆ. ಒಳಗ ನೀಲಿ. ನಮ್ಮ ಬಟ್ಟಿಗೆ ಹಾಕೂ ನೀಲಿ ಇರತೈತಲ್ಲ, ಅದನ್ನ ನೀರಾಗ ಒಂದ ಹನಿ ಬಿಟ್ಟಂಗ. ತಳದಾಗ ನೀರ ಹರಿಯೂ ಸಪ್ಪಳ ಕೇಳತಿತ್ತು.” ಕೋಟಿನ ಗುಂಡಿ ಬಿಚ್ಚುತ್ತ, “ನೀವು ನೋಡಬೇಕಿತ್ತು” ಅಂದಳು.

ಚಹಾ ಬಂತು. ಅವಳು ಬಟ್ಟಲು ಮುಟ್ಟಲಿಲ್ಲ.

“ನೀರು ಬಂದ್ವು” ಅಂದೆ.

“ಗೊತ್ತಾತು. ಹೇಳಿದ್ರೇನು?”

“ಇನ್ನೂ ಇಲ್ಲ.”

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಮಾತಾಡದೆ ಕುಳಿತದ್ದು ಕಡಿಮೆ. ಚಹಾದ ಮೇಲೆ ಕೆನೆ ಕಟ್ಟುವವರೆಗೆ ನೋಡಿ, ನಾನು ಎದ್ದೆ.

ಆ ಹೆಣ್ಣುಮಗಳ ಡೇರೆ ಸಣ್ಣದು. ಮೇಜಿನ ಮೇಲೆ ಅದೇ ರಜಿಸ್ಟರ್. ನಾನು ನಿಂತುಕೊಂಡೇ ಹಿಂದಿಯಲ್ಲಿ ಹೇಳಿದೆ: ನಿನ್ನೆ ಸಂಜೆ ನಲ್ಲಿ ಮುಚ್ಚಿದ್ದು ನಾನು, ಆ ಮನುಷ್ಯನದು ತಪ್ಪಿಲ್ಲ.

ಅವಳು ನಕ್ಕಳು, ಕೆಟ್ಟ ನಗುವಲ್ಲ. ಕುಳಿತುಕೊಳ್ಳಿ ಅಂದಳು. ಅವಳು ಹಿಂದಿಯಲ್ಲಿ ನಿಧಾನವಾಗಿ ಮಾತಾಡಿದರೆ ನನಗೆ ಪೂರ್ತಿ ತಿಳಿಯುತ್ತಿತ್ತು.

“ನೀವು ಬೆಳಗ್ಗೆಯಿಂದ ಅವನ ಜೊತೆ ಕೆಲಸ ಮಾಡಿದ್ದು ನೋಡಿದೆ. ನೀವು ಒಳ್ಳೆಯವರು. ಅವನ ಮನೆಯ ಕಥೆ ಕೇಳಿದಿರಿ, ಕನಿಕರ ಬಂತು. ನನಗೂ ಇದೆ. ಆದರೆ ಇಲ್ಲಿ ನೀರು ನಿಂತರೆ ಎಲ್ಲವೂ ನಿಲ್ಲುತ್ತದೆ. ನೀವು ಮುಂದೆಯೇ ಕುಳಿತಿದ್ದಿರಿ. ನಲ್ಲಿಯ ಮಾತು ಹೇಳುವಾಗ ನಿಮ್ಮನ್ನೇ ನೋಡಿ ಹೇಳಿದೆ, ನೀವು ತಲೆ ಆಡಿಸಿದಿರಿ. ಅಷ್ಟು ಗಮನವಿಟ್ಟು ಕೇಳಿದವರು ಹೋಗಿ ಅದನ್ನೇ ಯಾಕೆ ಮುಚ್ಚುತ್ತೀರಿ?”

ಕಿಸೆಯಿಂದ ಟೇಪಿನ ಸುರುಳಿ ತೆಗೆದು ಮೇಜಿನ ಮೇಲೆ ಇಟ್ಟೆ. ಟೇಪು ಅವನಿಗೆ ಕೊಟ್ಟಿರಬಹುದು ಎಂದಳು. ಅದೂ ಸರಿಯೇ.

ಇನ್ನು ಹೇಳಲು ಒಂದೇ ಉಳಿದಿತ್ತು. ಕಿಸೆಯಲ್ಲಿ ಕಾರ್ಡೂ ಇತ್ತು. ಅದನ್ನು ತೆಗೆದು ಅವಳ ಮುಂದೆ ಹಿಡಿದೆ.

“ಇದನ್ನು ನಾನು ಓದಿಲ್ಲ. ಓದಲು ಬರುವುದಿಲ್ಲ. ಮೇಲಿನ ಒಂದು ಸಾಲು ಬರುತ್ತದೆ. ನೀವು ನಿನ್ನೆ ಮಾತಾಡಿದ್ದರಲ್ಲಿ ನನಗೆ ಏನೂ ತಿಳಿಯಲಿಲ್ಲ. ತಿಳಿದವನ ಹಾಗೆ ಗೋಣು ಹಾಕಿದೆ. ನಾನು ಯಾವಾಗಲೂ ಹಾಗೆಯೇ ಮಾಡುತ್ತೇನೆ. ನಮ್ಮ ಕಡೆ ಹರಿಯುವ ನಲ್ಲಿ ಕಂಡರೆ ಮುಚ್ಚುತ್ತಾರೆ. ಹಾಗಾಗಿ ಮುಚ್ಚಿದೆ.”

ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಆ ಮಾತನ್ನು ನಾನು ಹೇಳಿರಲಿಲ್ಲ. ಅವಳಿಗೂ ನಾನಾಗಿ ಹೇಳಿದ್ದಲ್ಲ, ಅವಳೇ ಕಂಡುಕೊಂಡಿದ್ದಳು.

ಆ ಹೆಣ್ಣುಮಗಳು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಕನಿಕರವೂ ಇರಲಿಲ್ಲ, ಅದಕ್ಕೆ ನನಗೆ ಹಗುರವೆನಿಸಿತು. “ಇದನ್ನು ನಾನು ಹಿಂದಿಯಲ್ಲೂ ಹೇಳಬೇಕಿತ್ತು” ಅಂದಳು. ರಜಿಸ್ಟರ್ ತೆರೆದು ಬೆಳಗಿನ ಎರಡು ಸಾಲಿನ ಮೇಲೆ ಗೀಟು ಎಳೆದು, ಕೆಳಗೆ ಬೇರೆ ಬರೆದಳು. ಬರೆದದ್ದನ್ನು ಹಿಂದಿಯಲ್ಲಿ ಓದಿ ಹೇಳಿದಳು: ನಲ್ಲಿಯನ್ನು ಅತಿಥಿಯೊಬ್ಬರು ತಿಳಿಯದೆ ಮುಚ್ಚಿದ್ದರು, ನೀರಿನವನ ತಪ್ಪಿಲ್ಲ, ಅವನೇ ಮಧ್ಯಾಹ್ನದೊಳಗೆ ಸರಿ ಮಾಡಿದ.

“ಇಲ್ಲಿ ಸಹಿ ಮಾಡುತ್ತೀರಾ? ಯಜಮಾನರು ಕೇಳಿದರೆ ಇರಲಿ.”

ಇಂಗ್ಲಿಷಿನಲ್ಲಿ ನನ್ನ ಸಹಿ ಒಂದಿದೆ, ಬ್ಯಾಂಕಿಗಾಗಿ ಕಲಿತದ್ದು, ಎರಡು ಗೆರೆ ಒಂದು ಸುತ್ತು. ಅದನ್ನು ಮಾಡಲಿಲ್ಲ. ಕನ್ನಡದಲ್ಲಿ ಪೂರ್ತಿ ಹೆಸರು ಬರೆದು, ಕೆಳಗೆ ಹುನಗುಂದ ಎಂದು ಬರೆದೆ. ನಿಧಾನವಾಗಿ ಬರೆದೆ. ಅವಳು ಕಾಯ್ದಳು.

ರಾತ್ರಿ ಊಟಕ್ಕೆ ಕುಳಿತಾಗ ಅವಳು ಎಲ್ಲ ಸೂಚನೆಗಳನ್ನು ಮತ್ತೊಮ್ಮೆ ಹಿಂದಿಯಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಹಿಂದಿ ಬಾರದವರಿಗೆ ನಿಮ್ಮ ಭಾಷೆಯಲ್ಲಿ ಹೇಳಿ ಅಂದಳು. ಅಂಗಡಿಯವರ ಹೆಂಡಂದಿರಲ್ಲಿ ಹಿಂದಿ ಬಾರದವರು ನಾಲ್ಕು ಜನ ಇದ್ದರು. ಎದ್ದು ನಿಂತು ಹೇಳಿದೆ. ಕೊನೆಯ ನಲ್ಲಿಯ ಮಾತು ಬಂದಾಗ, ಅದನ್ನು ಮುಚ್ಚಿದ್ದು ನಾನೇ, ನನಗೆ ಇಂಗ್ಲಿಷ್ ತಿಳಿಯಲಿಲ್ಲ ಎಂದೂ ಹೇಳಿದೆ.

ಇಳಕಲ್ಲಿನ ಗೆಳೆಯ ತಟ್ಟೆಯಿಂದ ತಲೆ ಎತ್ತಿದ.

“ಹಂಗಾರ ಹೋದ ವರ್ಷದ ಕಂಪನಿ ಸ್ಕೀಮಿಗೆ ನಮ್ಮೆಲ್ಲಾರ ಪರವಾಗಿ ಎದ್ದು ‘ಎಸ್ ಎಸ್’ ಅಂದಿದ್ಯಲ್ಲಲೇ, ಅದೂ ಹಿಂಗನೇನು?”

“ಅದೂ ಹಿಂಗ” ಅಂದೆ.

“ಲೇ, ನಿನ್ನ ನೋಡಿ ನಾನೂ ಎಸ್ ಅಂದೆ! ಮೈಕ್ ಕೆಟ್ಟಿತ್ತು, ಒಂದ ಅಕ್ಷರ ಕೇಳಿರಲಿಲ್ಲ ನನಗ!”

ಡೇರೆ ತುಂಬ ನಗು. ಅವನದೇ ಎಲ್ಲಕ್ಕಿಂತ ಜೋರು. ಹೆಂಡತಿ ನಗುತ್ತಿರಲಿಲ್ಲ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅಲ್ಲಿಯ ದಪ್ಪ ರೊಟ್ಟಿ.

ಊಟವಾದ ಮೇಲೆ ಆ ಮನುಷ್ಯ ಒಲೆಗೆ ಕಟ್ಟಿಗೆ ಹಾಕಲು ನಮ್ಮ ಡೇರೆಗೆ ಬಂದ. ಟೋಪಿ ತಲೆಯ ಮೇಲೆಯೇ ಇತ್ತು. ಧನ್ಯವಾದ ಅನ್ನಲಿಲ್ಲ, ನಾನೂ ಅದನ್ನು ಕಾಯಲಿಲ್ಲ. ಕಟ್ಟಿಗೆ ಸರಿಪಡಿಸಿ, ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತ.

“ಆ ಬಂಡಿಗಲ್ಲ ಐತಲ್ಲ,” ಅಂದ, “ಮುಂದಿನ ವರ್ಷ ಬಂದ ಕೂಡ್ಲೆ ಅಲ್ಲಿ ಪೈಪ ಎತ್ತಿ, ಸುತ್ತ ಹಾಸಿ ನೆಲದಾಗ ಹುಗೀತೇನಿ.”

“ಎಷ್ಟ ಆಳ?” ಎಂದು ಕೇಳಿದೆ.

ಎದ್ದು ನಿಂತು ಸೊಂಟಕ್ಕೆ ಕೈ ಇಟ್ಟು ತೋರಿಸಿದ. ಅಷ್ಟು ಕೆಳಗೆ ಚಳಿ ಇಳಿಯುವುದಿಲ್ಲವಂತೆ. ನಮ್ಮ ಕಡೆಯೂ ಪೈಪು ಹುಗಿಯುತ್ತೇವೆ, ಆದರೆ ಅದು ಚಳಿಗಲ್ಲ, ನೇಗಿಲಿಗೆ ಸಿಗಬಾರದು ಅಂತ ಎಂದೆ. ಅದು ಅವನಿಗೆ ಹೊಸದು. ಒಲೆಯ ಬಾಗಿಲು ಮುಚ್ಚುವುದನ್ನು ಬಿಟ್ಟು ನನ್ನ ಕಡೆ ತಿರುಗಿದ.

“ನಿಮ್ಮ ಕಡೆ ನೇಗಿಲ ಎಷ್ಟ ಕೆಳಗ ಹೋಗತೈತಿ?”

ನಾನೂ ಎದ್ದೆ, ಮೊಣಕಾಲಿನ ಕೆಳಗೆ ಕೈ ಇಟ್ಟು ತೋರಿಸಿದೆ.